ಪಟದಲ್ಲಿ ಬರಿಗಾಲಿನ ಹುಡುಗಿ

ಟೈರೀ ದ್ವೀಪದ ಸಭಾಂಗಣದಲ್ಲಿ ಹಳೆಯ ಪಟಗಳ ಪ್ರದರ್ಶನ ನಡೆದಿತ್ತು. ತನ್ನ ಮನೆತನದ ಪಟದ ಪಕ್ಕದಲ್ಲಿ ಮರ್ಸಾಲಿ ಹೆಮ್ಮೆಯಿಂದ ನಿಂತಿದ್ದಳು. ಅಜ್ಜ, ಅಜ್ಜಿ, ಅವರ ಮಕ್ಕಳು, ಎಲ್ಲರ ಹೆಸರನ್ನೂ ದ್ವೀಪದ ಪದ್ಧತಿಯಂತೆ ತಂದೆ, ತಾತ, ಮುತ್ತಾತರ ಹೆಸರುಗಳೊಂದಿಗೆ ಪೋಣಿಸಿ, ಚೀಟಿಗಳಲ್ಲಿ ಬರೆದು ಅಂಟಿಸಿದ್ದಳು. ಕುರಿ ಕಾಯುವ ನಾಯಿಯ ಹೆಸರನ್ನೂ ಬಿಟ್ಟಿರಲಿಲ್ಲ. ಪಟದಲ್ಲಿ ಮನೆಬಾಗಿಲ ಬಳಿ ಬರಿಗಾಲಿನಲ್ಲಿ ನಿಂತಿದ್ದ ಹುಡುಗಿಗೆ ಮಾತ್ರ 'ಗ್ಲ್ಯಾಸ್ಗೋ ಅನಾಥೆ' ಎಂದಷ್ಟೇ ಬರೆದಿದ್ದಳು. ಆ ಕಾಲದಲ್ಲಿ ನಗರದ ಅನಾಥ ಮಕ್ಕಳನ್ನು ದ್ವೀಪದ ಮನೆಗಳಲ್ಲಿ ಸಾಕಲು ಬಿಡುತ್ತಿದ್ದರು.

ದ್ವೀಪದ ಆಚೆ ತುದಿಯಲ್ಲಿ ವಾಸವಿದ್ದ ಮುದುಕಿ ನೆಟ್ಟಿ ಪಟದ ಮುಂದೆ ಬಂದು ಕನ್ನಡಕ ಸರಿಪಡಿಸಿಕೊಂಡಳು.

"ನಾಯಿ ಹೆಸರು ಸರಿಯಾಗಿ ಬರ್ದಿದೀಯ ಕಣೆ. ನಾನೂ ಅದೂ ಒಂದೇ ಕಡೆ ಮಲಗ್ತಿದ್ವಿ."

ಮರ್ಸಾಲಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಈ ಹುಡುಗಿ ನೀವಾ, ನೆಟ್ಟಜ್ಜಿ? ನಮ್ಮನೇಲಿ ಯಾರೂ ಹೇಳಲೇ ಇಲ್ಲ."

"ಯಾಕೆ ಹೇಳ್ತಾರೆ? ನಿಮ್ಮಜ್ಜಿ ನನ್ನ 'ಏ ಹುಡುಗಿ' ಅಂತಾನೇ ಕರೀತಿದ್ದದ್ದು."

ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ತಾನು ಕೈ ಕುಲುಕುತ್ತಿದ್ದ ಮುದುಕಿ ಇವಳೇ. ನಾಚಿಕೆಯಿಂದ ಮರ್ಸಾಲಿಯ ಮುಖ ಸುಟ್ಟಂತಾಯಿತು. ಆ ಚೀಟಿಯನ್ನು ಕಿತ್ತು ಹೊಸದರಲ್ಲಿ 'ನೆಟ್ಟಿ' ಎಂದು ಬರೆದಳು. ಉಳಿದವರಿಗೆ ಸಲ್ಲಿಸಿದ ಗೌರವವನ್ನು ಇವಳಿಗೂ ಸಲ್ಲಿಸುವ ಅವಸರದಲ್ಲಿ ಕೇಳಿಯೇಬಿಟ್ಟಳು: "ನಿಮ್ಮ ಅಪ್ಪನ ಹೆಸರೇನಜ್ಜಿ?"

ನೆಟ್ಟಿ ನಕ್ಕಳು. "ಅದು ಗೊತ್ತಿದ್ದಿದ್ರೆ ನಿಮ್ಮನೆ ಬಾಗಿಲಲ್ಲಿ ಯಾಕೆ ನಿಂತಿರ್ತಿದ್ದೆ?"

ಮರ್ಸಾಲಿ ಚೀಟಿಯನ್ನು ಹಿಡಿದುಕೊಂಡೇ ನೆಲ ನೋಡುತ್ತ ನಿಂತುಬಿಟ್ಟಳು. "ಅಷ್ಟು ಸಾಕು, ಅಂಟಿಸು" ಎಂದು ಕೊನೆಗೆ ನೆಟ್ಟಿಯೇ ಹೇಳಬೇಕಾಯಿತು.