ಹೆಗಲಿನ ಹೊಲಿಗೆ

ಚಿಗುಸ ಮಗಳ ಸೊಂಟಕ್ಕೆ ಮೂರನೆಯ ಟವೆಲ್ ಸುತ್ತುತ್ತಿದ್ದಳು. ಎದೆ, ಸೊಂಟ ಒಂದೇ ಸಮನಾಗಿ ಕಂಬದಂತೆ ಕಂಡರೆ ಮಾತ್ರ ಕಿಮೋನೊ ಸುಕ್ಕಿಲ್ಲದೆ ನಿಲ್ಲುತ್ತದೆ.

"ಇನ್ನೊಂದು ಸುತ್ತಿದ್ರೆ ಪಾರ್ಸೆಲ್ ಮಾಡಿ ಕಳಿಸ್ಬಹುದು ನನ್ನ," ಎಂದಳು ಮಿನೋರಿ.

"ಸುಮ್ನೆ ನಿಲ್ಲೇ."

ಅತ್ತೆ ಕಿನು ಚಾಪೆಯ ಮೇಲೆ ಕೂತು ನೋಡುತ್ತಿದ್ದರು. ಪಕ್ಕದಲ್ಲಿದ್ದದ್ದು ಅವರು ಇಪ್ಪತ್ತು ತುಂಬಿದವರ ಹಬ್ಬಕ್ಕೆ ಉಟ್ಟ ಕಿಮೋನೊ. ಹದಿನೇಳರ ಮಿನೋರಿ ಇನ್ನು ಮೂರು ವರ್ಷಕ್ಕೆ ಅದನ್ನೇ ಉಡಬೇಕು. ಹೆಗಲಿಗೇರಿಸಿದರೆ ತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲೆಯೇ ನಿಂತಿತು.

"ಹುಟ್ಟು ಹಾಕಿ ಹಾಕಿ ಹೆಗಲು ಬಾಗಿಲಿನಷ್ಟಾಗಿದೆ. ಕುತ್ತಿಗೆಯಿಂದ ನೀರು ಜಾರಿದ ಹಾಗೆ ಇಳೀಬೇಕು ಹೆಗಲು. ಬಣ್ಣವಂತೂ ಕೆಂಡದ ಮೇಲೆ ಮರೆತ ಮೋಚಿ ಕಡುಬು," ಎಂದರು ಕಿನು.

"ಹೇಗೂ ಬಿಳಿ ಪೌಡರ್ ಬಳೀತೀರಲ್ಲ ಅಜ್ಜಿ."

"ಬಳಿದ್ರೆ ಹೆಗಲು ಇಳಿಯತ್ತಾ?" ಕಿನು ಸೊಸೆಯತ್ತ ತಿರುಗಿದರು. "ನಾಳೇನೇ ಅವಳ ದೋಣಿ ಕೋಚ್‌ಗೆ ಕಾಗದ ಹಾಕಮ್ಮ, ಇನ್ಮೇಲೆ ತಂಡಕ್ಕೆ ಬರಲ್ಲ ಅಂತ. ಈಗ ಬಿಟ್ರೆ ಅಷ್ಟರೊಳಗೆ ಸರಿಹೋಗತ್ತೆ."

ಮಿನೋರಿ ತಾಯಿಯ ಮುಖ ನೋಡಿದಳು. ದೋಣಿ ತಂಡದ ಬೇಸಿಗೆ ಶಿಬಿರದ ಒಪ್ಪಿಗೆ ಪತ್ರಕ್ಕೆ ಸಹಿಯ ಬದಲು ತಾಯಿಯ ಮುದ್ರೆ ಬೀಳಬೇಕಿತ್ತು. ಅದಿಲ್ಲದೆ ತಂಡದಲ್ಲಿ ಜಾಗವಿಲ್ಲ.

ಚಿಗುಸ ಗಿಡ್ಡವಾದ ತೋಳನ್ನು ಎಳೆದು ನೋಡಿದಳು. ಮದುವೆಯಾಗಿ ಈ ಮಿಠಾಯಿ ಅಂಗಡಿಯ ಮನೆಗೆ ಬಂದ ವರ್ಷ ಅತ್ತೆ ಅವಳಿಗೂ ಇದನ್ನೇ ಹೇಳಿದ್ದರು, ಹೆಗಲು ಇಳಿಯಬೇಕು ಅಂತ. ಗಿರಾಕಿಗಳ ಮುಂದೆ ಹೆಗಲು ಇಳಿಬಿಟ್ಟು ನಿಲ್ಲುವುದನ್ನು ಅವಳು ಕಲಿತಳು. ಇಪ್ಪತ್ತು ವರ್ಷವಾಯಿತು, ಈಗ ಸ್ನಾನದ ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಅದು ಮೇಲೇಳುವುದಿಲ್ಲ. ಸಂಜೆಯಾದರೆ ಕತ್ತು ಉರಿಯುತ್ತದೆ.

ಬಿಚ್ಚಿ ತೋಳು ಉದ್ದ ಮಾಡಲು ಬಟ್ಟೆ ಉಳಿದಿದೆಯೇ ಎಂದು ಹೆಗಲಿನ ಹೊಲಿಗೆ ಮಗುಚಿ ನೋಡಿದಳು. ಒಳಗೆ ಬೇಕಾದಷ್ಟಿತ್ತು. ಅದರ ಅಂಚಿಗೆ ಹಳೆಯ ಸೂಜಿ ತೂತುಗಳ ಸಾಲೊಂದು ಕಂಡಿತು.

"ಅತ್ತೆ, ಇದನ್ನ ಮೊದಲು ಅಗಲವಾಗಿ ಹೊಲಿಸಿದ್ರಾ?"

ಕಿನು ಕೈಯಲ್ಲಿದ್ದ ಟೀ ಲೋಟ ತಿರುಗಿಸಿದರು. "ನಾನು ವಜಿಮ ಕರಾವಳಿಯವಳಲ್ವಾ. ಅಮ್ಮನ ಜೊತೆ ಸಮುದ್ರದಲ್ಲಿ ಮುಳುಗಿ ಚಿಪ್ಪು ತೆಗೀತಿದ್ದೆ. ನಿಮ್ಮ ಮಾವನ ಕಡೆಯವರು ಹೆಣ್ಣು ಕೇಳ್ಕೊಂಡು ಬಂದ್ರು, ನೀರಿಗೆ ಇಳಿಯೋದು ನಿಂತ್ಹೋಯ್ತು. ಒಂದೂವರೆ ವರ್ಷ ಮನೆಯೊಳಗೇ ಕೂರಿಸಿದ್ರು. ಹೆಗಲು ಇಳೀತು, ಇದನ್ನೂ ಒಳಗೆ ಹಿಡಿದು ಹೊಲಿದ್ರು."

"ಆಮೇಲೆ ಸಮುದ್ರಕ್ಕೆ ಹೋಗ್ಲೇ ಇಲ್ವಾ ಅಜ್ಜಿ?"

"ಒಂದು ಸಲ ಹೋದೆ. ಉಸಿರು ಸಾಲಲಿಲ್ಲ."

ಕಿನು ಲೋಟ ಕೆಳಗಿಟ್ಟರು.

"ಹೊಲಿಗೆ ಬಿಚ್ಚಿದ್ರೆ ತೋಳು ಉದ್ದ ಆಗತ್ತೆ, ಹೆಗಲು ಸಣ್ಣ ಆಗಲ್ಲ. ಕಾಗದ ಮರೀಬೇಡ ಚಿಗುಸ."

"ಹೂಂ ಅತ್ತೆ."

ಮಿನೋರಿ ಕಿಮೋನೊ ಕಳಚಿ, ತಾನೇ ಟವೆಲ್‌ಗಳನ್ನು ಬಿಚ್ಚಿ ಎಸೆದು ಮೆಟ್ಟಿಲು ಹತ್ತಿ ಹೋದಳು. ಕಿನು ಕೂತೇ ಇದ್ದರು, ಯಾರೋ ಹಿಂದೆ ನಿಂತು ಎರಡೂ ಹೆಗಲನ್ನು ಅದುಮಿ ಹಿಡಿದಿರುವ ಹಾಗೆ.

ಚಿಗುಸ ಟವೆಲ್‌ಗಳನ್ನು ಒಂದೊಂದಾಗಿ ಮಡಿಸಿದಳು. ಕೋಚ್‌ಗೆ ಕಾಗದ ಬರೆಯುವುದಿಲ್ಲ ಎಂದುಕೊಂಡಳು. ಬೆಳಿಗ್ಗೆ ಅತ್ತೆ ಅಂಗಡಿ ತೆರೆದು ಬಾಗಿಲಿಗೆ ಪರದೆ ಕಟ್ಟಲು ಹೋದಾಗ ಶಿಬಿರದ ಪತ್ರಕ್ಕೆ ಮುದ್ರೆ ಒತ್ತಿ ಅಂಚೆಗೆ ಹಾಕುವುದು. ಮಗಳಿಗೂ ಈಗ ಹೇಳುವುದು ಬೇಡ, ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ಮುಚ್ಚಿಡಲು ಆ ಹುಡುಗಿಗೆ ಬರುವುದಿಲ್ಲ.

"ಇನ್ನೊಂದು ಲೋಟ ಟೀ ಕೊಡ್ಲಾ ಅತ್ತೆ?" ಎಂದು ಕೇಳಿದಳು.