ಕುಂಟು ಕುದುರೆ ಕ್ಯಾಸೆಟ್ಟು

ಸೀರೆಯ ಡಬ್ಬಿ ದೊಡ್ಡಪಾಲಯ್ಯನವರ ತೊಡೆಯ ಮೇಲಿತ್ತು. ಬಸ್ಸು ಮೊಳಕಾಲ್ಮೂರು ಬಿಟ್ಟಾಗಿನಿಂದ ಅದರ ಮೇಲಿಟ್ಟ ಕೈಯನ್ನು ಅವರು ತೆಗೆದಿರಲಿಲ್ಲ. ಪಕ್ಕದ ಸಾಲಿನಲ್ಲಿ ಕೂತ ನಿರ್ಮಲಾಳ ಕಣ್ಣೂ ಆ ಡಬ್ಬಿಯ ಮೇಲೇ. ಒಳಗಿನ ಸೀರೆಯನ್ನು ನೇಯ್ದವಳು ಅವಳು. ಮಗ್ಗ ದೊಡ್ಡಪಾಲಯ್ಯನವರದು, ರೇಷ್ಮೆ ಅವರದು, ಜರಿ ಅವರದು, ಪೇಟೆಯಲ್ಲಿ ಹೆಸರೂ ಅವರದೇ. ಸೀರೆಯ ಒಡಲಿನಲ್ಲಿ ಒಂದೂವರೆ ಗೇಣಿನಷ್ಟು ಜಾಗ ಕೆಟ್ಟಿದೆ ಎಂಬ ಸಂಗತಿ ಮಾತ್ರ ಇವಳೊಬ್ಬಳದು.

ಕೆಡಿಸಿದ್ದು ಪಾತಣ್ಣನ ಕ್ಯಾಸೆಟ್ಟು.

ಪಾತಣ್ಣ ಚಳ್ಳಕೆರೆಯ ಬ್ಯಾಂಡ್‌ಸೆಟ್ಟಿನ ಯಜಮಾನ. ಮಿಲಿಟರಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ, ಪಿಂಚಣಿ ಹಿಡಿದು ಊರಿಗೆ ಬರುವಾಗ ಒಂದು ಟ್ರಂಕಿನ ತುಂಬ ಜಾಜ್ ಕ್ಯಾಸೆಟ್ಟು ತಂದಿದ್ದ. ಮೆರವಣಿಗೆಯಲ್ಲಿ ಸಿನಿಮಾ ಹಾಡು ಊದಿ ಬಂದು, ಕಾಲು ತೊಳೆದುಕೊಂಡು, ಜಾಜ್ ಹಾಕಿಕೊಂಡು ಕೂರುವುದು ಅವನ ರೂಢಿ. ನಿರ್ಮಲಾಳ ಗಂಡ ಮಾರುತೇಶ ಅದೇ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವನು. ಅವನಿಗೆ ಅದು ಹೊಟ್ಟೆಪಾಡು. ಅವನು ಒಂದು ಸಲ ಮನೆಗೆ ತಂದ ಕ್ಯಾಸೆಟ್ಟಿನ ಹುಚ್ಚು ಹಿಡಿದದ್ದು ಹೆಂಡತಿಗೆ. ಮೂರನೆಯ ಹುಚ್ಚ ಈ ಬಸ್ಸಿನ ಕಂಡಕ್ಟರ್ ಚಂದ್ರಣ್ಣ. ಅವನ ಟಿಕೆಟ್ ಚೀಲದಲ್ಲೇ ಕ್ಯಾಸೆಟ್ಟುಗಳು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಓಡಾಡುತ್ತಿದ್ದವು. ಆಲ್ಬಮ್ಮುಗಳ ಇಂಗ್ಲಿಷ್ ಹೆಸರು ಬಾಯಲ್ಲಿ ಹೊರಳದೆ ಇವರೇ ನಾಮಕರಣ ಮಾಡಿಕೊಂಡಿದ್ದರು. ಒಂದು ‘ಜಗಳಗಂಟಿ’, ಇನ್ನೊಂದು ‘ತೂತು ಕೊಡ’, ಮತ್ತೊಂದು ‘ಮಾವನ ಗೊರಕೆ’. ಎದುರಾದರೆ ಊಟ ತಿಂಡಿ ವಿಚಾರಿಸುವ ಮೊದಲು ಕೇಳುವುದೇ, “ಈಗ ಏನು ಕೇಳ್ತಿದೀಯಾ?” ಇದಕ್ಕೆ ಸುಳ್ಳು ಹೇಳುವಂತಿಲ್ಲ. ಕೇಳದ್ದನ್ನು ಕೇಳಿದೆ ಎಂದು ಬಡಾಯಿ ಕೊಚ್ಚುವಂತಿಲ್ಲ, ಕೇಳಿದ್ದನ್ನು ಮುಚ್ಚಿಡುವಂತಿಲ್ಲ.

ಯುಗಾದಿಯ ಹೊತ್ತಿಗೆ ನಿರ್ಮಲಾಳ ಸೀರೆಯೊಂದು ಅಂಗಡಿಯಿಂದ ವಾಪಸು ಬಂದಿತ್ತು. ನೂಲನ್ನು ಒತ್ತುವ ಹಣಿಗೆಯ ಏಟು ಒಂದೇ ಸಮ ಬಿದ್ದರೆ ತಾನೆ ಬಟ್ಟೆ ಒಂದೇ ಸಮ ಬರುವುದು? ಅಂಗಡಿಯವರು ಬೆರಳಿಟ್ಟು ತೋರಿಸಿದ ಜಾಗವನ್ನು ದೊಡ್ಡಪಾಲಯ್ಯನವರು ಸವರಿ ನೋಡಿದರು. ಆಮೇಲೆ ಮಗ್ಗದ ಪಕ್ಕದಲ್ಲಿದ್ದ ಟೇಪ್‌ರೆಕಾರ್ಡರನ್ನು ನೋಡಿದರು.

“ಅದು ಕುಣಿಸ್ದಂಗೆ ನಿನ್ ಕೈ ಕುಣೀತೈತೆ. ಇನ್ನು ಮಗ್ಗದ ಮುಂದೆ ಈ ಪೆಟ್ಟಿಗೆ ಹಾಡಂಗಿಲ್ಲ. ಇನ್ನೊಂದು ಸೀರೆ ಹಿಂಗೆ ಬಂತೋ, ಮಗ್ಗ ಬಿಚ್ಚಿಸಿ ಬೇರೆಯವ್ರ ಮನೇಲಿ ಹಾಕಿಸ್ತೀನಿ.”

ಡ್ರಮ್ಮು ಅನ್ನ ಹಾಕುವುದು ಲಗ್ನದ ತಿಂಗಳುಗಳಲ್ಲಿ ಮಾತ್ರ. ಉಳಿದಂತೆ ಇಬ್ಬರು ಮಕ್ಕಳ ಊಟ, ಸ್ಕೂಲು, ಜ್ವರ, ನೆಗಡಿ ಎಲ್ಲವೂ ಆ ಮಗ್ಗದ ಮೇಲೆಯೇ ನಿಂತಿತ್ತು. ಅವಳು ಟೇಪ್‌ರೆಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು.

ಅಷ್ಟರಲ್ಲಿ ಪಾತಣ್ಣನ ಮಗಳು ಸ್ವಪ್ನಳ ಲಗ್ನ ಗೊತ್ತಾಯಿತು. ಗಂಡಿನವರು ರಾಯದುರ್ಗದ ಕಡೆಯ ತೆಲುಗಿನವರು. ಧಾರೆ ಸೀರೆ ಅವರದು. “ನಮ್ ನಿರ್ಮಲನ ಕೈಲೇ ನೇಯ್ಸಿ” ಎಂದು ಪಾತಣ್ಣನೇ ಅವರನ್ನು ದೊಡ್ಡಪಾಲಯ್ಯನವರ ಹತ್ತಿರ ಕಳಿಸಿದ್ದ. ಒಡಲು ಅರ್ಧ ಮುಗಿದಿದ್ದಾಗ ಚಂದ್ರಣ್ಣ ಹೊಸ ಕ್ಯಾಸೆಟ್ಟು ತಂದುಕೊಟ್ಟ. “ಇದ್ಕೆ ಕುಂಟು ಕುದುರೆ ಅಂತ ಹೆಸ್ರಿಟ್ಟವ್ನೆ ಪಾತಣ್ಣ. ಎರಡ್ನೇ ಸೈಡು ಕೇಳಕ್ಕ, ಡ್ರಮ್ಮಿನವ್ನು ಬೀಳ್ತಾನೆ ಅನ್ಕೊಂತೀಯ, ಬೀಳಲ್ಲ!”

ಕ್ಯಾಸೆಟ್ಟು ಕೆಲವು ದಿನ ಅಕ್ಕಿ ಡಬ್ಬಿಯಲ್ಲಿತ್ತು. ಒಂದು ಮಧ್ಯಾಹ್ನ, ಮಕ್ಕಳು ಸ್ಕೂಲಿಗೆ ಹೋಗಿದ್ದಾಗ, ಅಟ್ಟದಿಂದ ಟೇಪ್‌ರೆಕಾರ್ಡರ್ ಇಳಿಸಿ, ಒಂದೇ ಸೈಡು ಎಂದುಕೊಂಡು ಹಾಕಿದಳು. ಏಟು ಬೀಳಬೇಕಾದಲ್ಲಿ ಬೀಳದೆ, ತುಸು ತಡೆದು, ಕಾಲೆಳೆದುಕೊಂಡು ಬರುತ್ತಿತ್ತು. ಅವಳ ಕೈಯೂ ತಡೆಯಿತು. ಒಂದು ಏಟು ಗಟ್ಟಿ, ಎರಡು ಹಗುರ, ಒಂದು ಬಿಡುವು, ಮತ್ತೆ ಗಟ್ಟಿ. ಕ್ಯಾಸೆಟ್ಟು ಟಕ್ಕೆಂದು ನಿಂತಾಗಲೇ ಅವಳಿಗೆ ಎಚ್ಚರ. ನೇಯ್ದದ್ದನ್ನು ಬಿಚ್ಚಲು ನೋಡಿದರೆ ನೂಲು ಹರಿಯತೊಡಗಿತು. ಮುಂದಕ್ಕೆ ನೇಯ್ದುಬಿಟ್ಟಳು.

ದೊಡ್ಡಪಾಲಯ್ಯನವರ ಕಣ್ಣಿಗೆ ಪೊರೆ ಬರುತ್ತಿತ್ತು. ಅಂಚು ನೋಡಿದರು, ಸೆರಗು ನೋಡಿದರು, “ಕೈ ಹದಕ್ಕೆ ಬಂತು ನೋಡು” ಎಂದು ಮಡಿಸಿಟ್ಟರು. ಅವಳು ಮಗ್ಗದ ಕೆಳಗೆ ಬಿದ್ದ ನೂಲು ಗುಡಿಸಿದಳು.

ಲಗ್ನಕ್ಕೆ ಹೊರಟ ಬಸ್ಸು ಬಿ.ಜಿ. ಕೆರೆ ದಾಟಿದ ಮೇಲೆ ಚಂದ್ರಣ್ಣ ಟಿಕೆಟ್ ಕೊಡುತ್ತ ಇವಳ ಹತ್ತಿರ ಬಂದ. “ಅಕ್ಕಾ, ಈಗ ಏನ್ ಕೇಳ್ತಿದೀಯಾ?”

ದೊಡ್ಡಪಾಲಯ್ಯನವರ ತಲೆ ಇತ್ತ ತಿರುಗಿತು.

“ಏನೂ ಇಲ್ಲ.”

“ಏನೂ ಇಲ್ವಾ? ಹೋದ್ ತಿಂಗ್ಳು ನಾನೇ ಅಲ್ವಾ ನಿಂಗೆ...”

ನಿರ್ಮಲಾ ಕಣ್ಣಲ್ಲೇ ಗದರಿದಳು. ಚಂದ್ರಣ್ಣ ಮಾತು ನುಂಗಿ ಹರಿದ ಟಿಕೆಟ್ಟನ್ನೇ ಇನ್ನೊಮ್ಮೆ ಹರಿದ. “ತಳಕು ಯಾರ್ರೀ, ತಳಕು!” ಎಂದು ಕೂಗುತ್ತ ಮುಂದಕ್ಕೆ ಹೋದ. ತಳಕು ಇನ್ನೂ ದೂರವಿತ್ತು.

ಚಳ್ಳಕೆರೆಯ ಛತ್ರದ ಮುಂದೆ ಮಾರುತೇಶನ ಡ್ರಮ್ಮು ಆಗಲೇ ಶುರುವಾಗಿತ್ತು. ಪಂಚೆ, ಪೇಟ ಕಟ್ಟಿಕೊಂಡು ಬೇರೆ ಯಾರೋ ಆದಂತೆ ಕಾಣುತ್ತಿದ್ದ ಪಾತಣ್ಣ ಬಾಗಿಲಿಗೇ ಬಂದು ದೊಡ್ಡಪಾಲಯ್ಯನವರಿಗೆ ಕೈಮುಗಿದ. ತಕ್ಷಣ ಇವಳ ಕಡೆ ಬಗ್ಗಿ, “ಎರಡ್ನೇ ಸೈಡು?” ಎಂದ. ಅವಳು ಕೇಳಿಸದವಳಂತೆ ಒಳಗೆ ಹೋದಳು.

ಕೋಣೆಯಲ್ಲಿ ಸ್ವಪ್ನ ಅರಿಶಿನದ ಮುಖದಲ್ಲಿ ಕೂತಿದ್ದಳು. ಕುಚ್ಚು ಕಟ್ಟಿಸುವುದು ತಡವಾಗಿ ಸೀರೆ ಲಗ್ನದ ದಿನವೇ ಬಂದದ್ದಕ್ಕೆ ಗಂಡಿನ ಸೋದರತ್ತೆ ಯರ್ರಮ್ಮ ಸಿಡಿಮಿಡಿ ಅನ್ನುತ್ತಿದ್ದಳು.

“ತಾಳಿ ಕಟ್ಟಿದ್ ಮೇಲೆ ತರೋದಲ್ವೇನ್ರಿ ಯಜಮಾನ್ರೇ? ಬಿಚ್ಚಿ, ಬಿಚ್ಚಿ, ನೋಡಾನ.”

ಇಬ್ಬರು ಹೆಂಗಸರು ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದರು. ಯರ್ರಮ್ಮ ಸೆರಗಿನಿಂದ ಹಿಡಿದು ಮೊಳ ಮೊಳವಾಗಿ ಸರಿಸುತ್ತ ಬಂದಳು. ಹೊರಗೆ ಮಾರುತೇಶನ ಏಟು ಒಂದೇ ಸಮ ಬೀಳುತ್ತಿತ್ತು. ಯರ್ರಮ್ಮನ ಕೈ ನಿಂತಿತು.

“ಇದೇನು ಇಲ್ಲಿ, ಪಟ್ಟೆ ಪಟ್ಟೆ?”

ಬಾಗಿಲಲ್ಲಿದ್ದ ಪಾತಣ್ಣ ಬಗ್ಗಿ ನೋಡಿದ. ಬೆಳಕಿಗೆ ಎದುರಾಗಿ ಸೀರೆಯಲ್ಲಿ ಒಂದು ದಟ್ಟ ಗೆರೆ, ಎರಡು ತೆಳು, ಒಂದು ಬಿಡುವು, ಮತ್ತೆ ದಟ್ಟ. ಅವನ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಆಡಿದವು. ಒಂದು, ಎರಡು ಹಗುರ, ಬಿಡುವು. ಬೆರಳು ನಿಂತವು. ಅವನು ನಿರ್ಮಲಾಳ ಮುಖ ನೋಡಿದ.

“ಅದಾ? ಅದು ಡಿಸೈನು ಕಣಮ್ಮ” ಎಂದ. “ಹೊಸಾದು.”

“ಔನಾ?” ಯರ್ರಮ್ಮನ ಹುಬ್ಬು ಇಳಿಯಿತು. “ಬಾಗುಂದಿ, ಚೆನ್ನಾಗೈತೆ. ನಮ್ ಕಡೆ ಇನ್ನೂ ಬಂದಿಲ್ಲ.”

ದೊಡ್ಡಪಾಲಯ್ಯನವರು ಕಿಟಕಿಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. ಕಾಣದೆ ಇವಳ ಕಡೆ ತಿರುಗಿದರು. “ನಾನ್ಯಾವ ಡಿಸೈನು ಹೇಳಿದ್ದೆ? ನಿರ್ಮಲಾ, ಡಿಸೈನಾ ಇದು?”

ಒಂದು ‘ಹೂಂ’ ಸಾಕಾಗಿತ್ತು. ಮಗ್ಗ ಉಳಿಯುತ್ತಿತ್ತು. ಪಾತಣ್ಣ ಕಣ್ಣಲ್ಲೇ ‘ಹೂಂ ಅನ್ನು’ ಎನ್ನುತ್ತಿದ್ದ. ಆದರೆ ಆ ತೆಳು ಗೆರೆಗಳಿದ್ದ ಜಾಗ ಉಟ್ಟಾಗ ಸರಿಯಾಗಿ ಸೊಂಟದ ಹಿಂದಕ್ಕೆ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕೂತಾಗ ಅಲ್ಲೇ ಎಳೆತ. ಧಾರೆಗೆ ಕೂತು, ಎದ್ದು, ಸಪ್ತಪದಿ ತುಳಿದು, ಮತ್ತೆ ಕೂತರೆ ಸಡಿಲ ನೂಲು ಸರಿದು ಸೀರೆ ಬಾಯಿ ಬಿಡುತ್ತದೆ, ಅಷ್ಟು ಜನರ ಮುಂದೆ. ಸ್ವಪ್ನ ನಗುತ್ತ ಇವಳನ್ನೇ ನೋಡುತ್ತಿದ್ದಳು.

“ಡಿಸೈನಲ್ಲ” ಎಂದಳು ನಿರ್ಮಲಾ. “ಕುಂಟು ಕುದುರೆ ಅಂತ ಒಂದು ಕ್ಯಾಸೆಟ್ಟು ಕೇಳ್ತಾ ನೇಯ್ದೆ. ಕೈ ಅದ್ರ ಹಿಂದೆ ಹೋಯ್ತು. ಇಲ್ಲಿ ನೂಲು ಸಡ್ಲ ಐತೆ. ಹಿಂಗೇ ಉಡಿಸಿದ್ರೆ ಕೂತಾಗ ಪಿಸಿಯುತ್ತೆ.”

ಪಾತಣ್ಣ ಪೇಟ ಸರಿಮಾಡಿಕೊಂಡ.

“ಕುದುರೆ ಯಾವ್ದಮ್ಮ ಇದ್ರಾಗೆ?” ಎಂದಳು ಯರ್ರಮ್ಮ. “ಅಲ್ಲಾ, ಮುಹೂರ್ತಕ್ಕೆ ಹೊತ್ತಾಯ್ತು, ಈಗ ನಾನೇನುಡಿಸ್ಲಿ ಹುಡ್ಗಿಗೆ? ನನ್ ಹಳೇ ಸೀರೇನಾ?”

“ಎರಡು ನೆರಿಗೆ ಜಾಸ್ತಿ ಹಿಡಿದ್ರೆ ಈ ಜಾಗ ನೆರಿಗೆ ಒಳಕ್ಕೆ ಹೋಗ್ತೈತೆ, ಅತ್ತೆಮ್ಮ. ಅಲ್ಲಿ ಎಳೆತ ಇರಲ್ಲ. ಸೆರಗು ಒಂದು ಮೊಳ ಗಿಡ್ಡ ಆಗ್ತೈತೆ. ನಾನೇ ಉಡಿಸ್ತೀನಿ.”

ಯರ್ರಮ್ಮ ಸೀರೆಯನ್ನೂ ಹುಡುಗಿಯನ್ನೂ ಕಣ್ಣಲ್ಲೇ ಅಳೆದಳು. “ಗಿಡ್ಡ ಸೆರಗಾದ್ರೆ ಪರ್ವಾಲೇದು. ಬಾಯಿ ಬಿಟ್ರೆ ಮಾತ್ರ ನಿನ್ನ ಬಿಡಲ್ಲ. ಉಡ್ಸು.”

ದೊಡ್ಡಪಾಲಯ್ಯನವರು ಖಾಲಿ ಡಬ್ಬಿ ಹಿಡಿದುಕೊಂಡು ಹೊರಗೆ ಹೋದರು.

ಧಾರೆಯಲ್ಲಿ ಎಲ್ಲರೂ ಮದುವಣಗಿತ್ತಿಯ ಮುಖ ನೋಡುತ್ತಿದ್ದರೆ ನಿರ್ಮಲಾ ಅವಳ ನೆರಿಗೆ ನೋಡುತ್ತಿದ್ದಳು. ಸ್ವಪ್ನ ಕೂತಳು. ಎದ್ದಳು. ಗಟ್ಟಿಮೇಳ ಎಂದಾಗ ಮಾರುತೇಶ ಮೈಮರೆತು ಬಾರಿಸಿದ. ಇವಳಿಗೆ ಅಕ್ಷತೆ ಹಾಕುವುದೇ ಮರೆತುಹೋಯಿತು. ಮುಂದಿನ ಸಾಲಿನಲ್ಲಿ ದೊಡ್ಡಪಾಲಯ್ಯನವರೂ ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದು, ಕನ್ನಡಕ ಒರೆಸಿ ಒರೆಸಿ, ಸೀರೆಯನ್ನೇ ನೋಡುತ್ತಿದ್ದರು. ಸಪ್ತಪದಿ ಮುಗಿಯಿತು. ಸ್ವಪ್ನ ಮತ್ತೆ ಕೂತಳು. ಸೀರೆ ಬಾಯಿ ಬಿಡಲಿಲ್ಲ.

ವಾಪಸು ಬರುವಾಗಲೂ ಅದೇ ಬಸ್ಸು. ದೊಡ್ಡಪಾಲಯ್ಯನವರ ತೊಡೆಯ ಮೇಲೆ ಈಗ ತಾಂಬೂಲದ ಚೀಲ. ಚಳ್ಳಕೆರೆ ಹಿಂದಾದ ಮೇಲೆ ಇವಳ ಕಡೆ ತಿರುಗಿದರು.

“ಬೇಡ ಅಂದಿದ್ದೆ.”

“ಹೂಂ, ಯಜಮಾನ್ರೇ.”

“ನನ್ ಕಣ್ಣು ಮಂಜಾಗೈತೆ ಅಂತ ಗೊತ್ತಿದ್ದೇ ಕೊಟ್ಟೆ.”

ಅವಳು ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು.

“ಆ ಪಾತಣ್ಣ ಡಿಸೈನು ಅಂದಾಗ ನೀನೂ ಹೂಂ ಅಂದಿದ್ರೆ, ಇನ್ನು ಹತ್ತು ಸೀರೆ ಹಂಗೇ ನೇಯಿ ಅಂತಿದ್ದೆ ನಾನು. ನನ್ ಹೆಸ್ರು ಹಾಕ್ಕೊಂಡು ಊರೂರಿಗೆ ಕಳಿಸ್ತಿದ್ದೆ.” ಚೀಲದ ತೆಂಗಿನಕಾಯಿಯನ್ನು ಸರಿಯಾಗಿ ಕೂರಿಸಿದರು. “ಒಂದು ವರ್ಷ ಧಾರೆ ಸೀರೆ ನಿನ್ ಕೈಗೆ ಕೊಡಲ್ಲ. ಸಾದಾ ಅಂಚಿಂದು ನೇಯಿ. ಕೂಲಿ ಕಮ್ಮಿ, ತಿಳೀತಾ? ಮಗ್ಗ ಇರ್ಲಿ.”

ಅವಳು ತಲೆಯಾಡಿಸಿದಳು. ಅಳು ಬಂದದ್ದು ಆಮೇಲೆ, ಕಿಟಕಿಯ ಕಡೆ ತಿರುಗಿದಾಗ.

ತಳಕು ಬಂತು. ಜನ ಇಳಿದರು, ಹತ್ತಿದರು. ಚಂದ್ರಣ್ಣ ಅಂಜುತ್ತಲೇ ಬಂದು ಪಕ್ಕದಲ್ಲಿ ನಿಂತ. ಯಜಮಾನರನ್ನು ಒಮ್ಮೆ ನೋಡಿ, ಸುಮ್ಮನೆ ಮುಂದೆ ಹೋಗುವವನಿದ್ದ. ಅವಳೇ ಕರೆದಳು.

“ಕುಂಟು ಕುದುರೆ ಕೇಳ್ತಿದೀನಿ ಕಣೋ ಚಂದ್ರಣ್ಣ. ಎರಡ್ನೇ ಸೈಡು.”

“ಹೆಂಗೈತಕ್ಕ?”

ದೊಡ್ಡಪಾಲಯ್ಯನವರು ಮುಂದಕ್ಕೆ ನೋಡುತ್ತಲೇ ಇದ್ದರು. ಕಿವಿ ಮಾತ್ರ ಇತ್ತಲೇ ಇತ್ತು.

“ಬೀಳ್ತಾನೆ ಅನ್ಕೊಂಡೆ” ಎಂದಳು. “ಬೀಳ್ಲಿಲ್ಲ.”

ಸಡಿಲವಾದ ಕಿಟಕಿಯ ಗಾಜು ದಡದಡ ಎನ್ನುತ್ತಿತ್ತು. ಕಂಬಿಯ ಮೇಲೆ ತನ್ನ ಬೆರಳು ಅದಕ್ಕೆ ತಾಳ ಹಾಕತೊಡಗಿದ್ದನ್ನು ನೋಡಿ, ಅವಳು ಆ ಕೈಯನ್ನು ಮಡಿಲಿಗೆ ಎಳೆದುಕೊಂಡು ಇನ್ನೊಂದು ಕೈಯಿಂದ ಒತ್ತಿ ಹಿಡಿದಳು.