ಸದ್ದಿಲ್ಲದಿದ್ದರೆ ದಾರಿ ಖಾಲಿ

ನಮ್ಮ ಜೀಪ್ ಸಂಘದ ವಾಕಿಟಾಕಿಗಳಿಗೆ ಆರು ವರ್ಷವಾಯಿತು. ಇಡೀ ರಾತ್ರಿ ಚಾರ್ಜಿಗಿಟ್ಟರೆ ಬೆಳಿಗ್ಗೆ ಹಸಿರು ದೀಪ ಉರಿಯುತ್ತದೆ, ಬ್ಯಾಟರಿ ತುಂಬಿದೆ ಎಂದು ಸುಳ್ಳು ಹೇಳುತ್ತದೆ. ಸುಮ್ಮನೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಮಧ್ಯಾಹ್ನದವರೆಗೂ ಉರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿ ಮಾತಾಡಿದರೆ ಏಳು ಸೆಕೆಂಡು, ಆಮೇಲೆ ಕುಂಯ್ ಎಂದು ಸಾಯುತ್ತದೆ. ಸಂಘದ ಹಿರಿಯರೂ ಹೀಗೆಯೇ. ಅವರು ಏಳು ಸೆಕೆಂಡಿಗೆ ನಿಲ್ಲಿಸುವುದಿಲ್ಲ, ಅಷ್ಟೇ.

ಕಿಗ್ಗದಿಂದ ಆಚೆ ನಮ್ಮ ಗುಡ್ಡದ ದಾರಿ ಮೂರು ಕಿಲೋಮೀಟರು, ಒಂದು ಜೀಪಿನಷ್ಟೇ ಅಗಲ. ಒಂದು ಪಕ್ಕ ಕಡಿದ ದರೆಯ ಮಣ್ಣುಗೋಡೆ, ಇನ್ನೊಂದು ಪಕ್ಕ ಕಣಿವೆ. ಮೊಬೈಲ್ ಸಿಗ್ನಲ್ ಇಲ್ಲ. ತುದಿಯಲ್ಲಿ ಗಣಪತಣ್ಣ, ಬುಡದ ಗೇಟಿನಲ್ಲಿ ನಾನು. ಮೇಲಿಂದ ಜೀಪ್ ಹೊರಟರೆ ಅವನು ತಿಳಿಸಬೇಕು. ಅದು ಇಳಿದು ಬರುವವರೆಗೆ ನಾನು ಗೇಟು ತೆಗೆಯಬಾರದು.

ಹೊಸ ಬ್ಯಾಟರಿ ತರಿಸಿ ಎಂದು ಮೀಟಿಂಗಿನಲ್ಲಿ ಕೇಳಿದೆ.

"ಹಸಿರು ಬರ್ತದಲ್ಲ, ಇನ್ನೆಂತ ಬೇಕು?" ಎಂದರು ಅಧ್ಯಕ್ಷ ಉಮಾಮಹೇಶ್ವರ. ಚಾರ್ಜು ಉಳಿಸಲು ಅವರೇ ಒಂದು ನಿಯಮ ಮಾಡಿದರು. ಜೀಪ್ ಇಳಿಯುವಾಗ ಮಾತ್ರ ಮಾತು. ಸದ್ದಿಲ್ಲದಿದ್ದರೆ ದಾರಿ ಖಾಲಿ.

"ಸತ್ತ ಸೆಟ್ಟೂ ಸದ್ದು ಮಾಡಲ್ವಲ್ಲ?" ಎಂದೆ.

"ರಮ್ಯ, ನೀನು ಎಂಎ ಮಾಡಿದ್ದು ಎಂತದ್ರಲ್ಲಿ ಮಾರಾಯ್ತಿ? ಬ್ಯಾಟರೀಲಾ?" ಎಂದ ಹೂವಪ್ಪ. ಎಲ್ಲರೂ ನಕ್ಕರು. ಸ್ವಂತ ಜೀಪ್ ಓಡಿಸುವ ನನ್ನಣ್ಣ ಧರ್ಮೇಶ ಎಲ್ಲರಿಗಿಂತ ಜೋರಾಗಿ ನಕ್ಕ. ಆ ವರ್ಷ ಆಯುಧಪೂಜೆಗೆ ಅಧ್ಯಕ್ಷರು ಎಲ್ಲ ಸೆಟ್ಟಿಗೂ ಗಂಧ ಹಚ್ಚಿದರು. ನನ್ನದರ ಮೈಕಿನ ತೂತಿನಲ್ಲಿ ಅದು ಒಣಗಿ ಕೂತುಬಿಟ್ಟಿತು.

ಹೋದ ಭಾನುವಾರ ಬೆಳಿಗ್ಗೆ ಧರ್ಮೇಶ ಎಂಟು ಪ್ರವಾಸಿಗರನ್ನು ಕೂರಿಸಿಕೊಂಡು ಮೇಲೆ ಹೋದ. ಹತ್ತೂವರೆಗೆ ಅಧ್ಯಕ್ಷರ ಜೀಪ್ ಬಂತು. ಒಳಗೆ ಕೊಪ್ಪದ ಅವರ ಬೀಗರು, ಬೀಗಿತಿ ಸುಮಿತ್ರಮ್ಮ.

"ಗೇಟ್ ತೆಗಿ."

"ಧರ್ಮೇಶ ಇಳೀತಿರಬಹುದು, ತಡೀರಿ." ಗುಂಡಿ ಒತ್ತಿದೆ. "ಗಣಪತಣ್ಣ, ಧರ್ಮೇಶ ಹೊರ್‍ಟ—" ಈ ಸಲ ಏಳು ಸೆಕೆಂಡೂ ಇಲ್ಲ, ಕುಂಯ್.

"ಸದ್ದಿಲ್ಲ. ಖಾಲಿ," ಎಂದರು ಅಧ್ಯಕ್ಷರು.

"ಇಪ್ಪತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಅವನು ಬರದಿದ್ರೆ ನಾನೇ ನಡೆದು ಹೋಗಿ ನೋಡ್ಕೊಂಡು ಬರ್ತೀನಿ."

ಬೀಗರ ಮುಂದೆ ಇಪ್ಪತ್ತು ನಿಮಿಷ ಕಾಯುವುದು ಅವರಿಂದಾಗುವ ಕೆಲಸವಲ್ಲ. ತಮ್ಮ ಸೆಟ್ಟು ತೆಗೆದು ಬಾಯಿಗೆ ಹಿಡಿದರು. "ನಮಸ್ಕಾರ. ನಾನು ಜೀಪ್ ಮಾಲೀಕರ ಸಂಘದ ಅಧ್ಯಕ್ಷ ಉಮಾಮಹೇ—"

ಅದೂ ಸತ್ತಿತು. ಸುಮಿತ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆದರೂ ನಗು ಕೇಳಿಸಿತು. ಅಧ್ಯಕ್ಷರ ಕಿವಿ ಕೆಂಪಾಯಿತು. ಇಳಿದು ಬಂದು ಗೇಟಿನ ಹಗ್ಗ ತಾವೇ ಬಿಚ್ಚತೊಡಗಿದರು. ತಿರುವಿನಲ್ಲಿ ಎರಡು ಜೀಪ್ ಮುಖಾಮುಖಿಯಾದರೆ ಕಣಿವೆಯ ಅಂಚಿನಲ್ಲಿರುವುದು ಇಳಿಯುವವನೇ. ನಾನು ಜೀಪಿನೊಳಗೆ ಕೈ ಹಾಕಿ ಕೀಲಿ ಕಿತ್ತುಕೊಂಡೆ.

"ಏನು ಧೈರ್ಯ ನಿಂಗೆ! ನಾಳೆಯಿಂದ ಇಲ್ಲಿ ಕಾಲಿಡ್ಬೇಡ."

"ಆಯ್ತು, ನಾಳೆಯಿಂದ. ಇವತ್ತು ಡ್ಯೂಟಿ ನಂದೇ."

ಮುಂದಿನ ಹನ್ನೆರಡು ನಿಮಿಷ ಅವರು ಬೈದರು. ಕೀಲಿ ಕಿತ್ತುಕೊಳ್ಳಲು ಬರಲಿಲ್ಲ; ಬೀಗರ ಎದುರು ಹೆಣ್ಣಿನ ಕೈ ಹಿಡಿದು ಎಳೆದಾಡಲು ಅವರ ಮರ್ಯಾದೆ ಒಪ್ಪಲಿಲ್ಲ. ಅವರ ಮರ್ಯಾದೆಯಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು.

ತಿರುವಿನಲ್ಲಿ ಹಾರನ್ ಕೇಳಿಸಿತು. ಧರ್ಮೇಶನ ಜೀಪ್. ಎಂಟೂ ಜನ ಫೋನ್ ಎತ್ತಿ ಕಣಿವೆಯ ವಿಡಿಯೋ ಮಾಡುತ್ತ ಇಳಿದು ಬಂದರು.

"ಗಣಪತಣ್ಣ ಮೂರು ಸಲ ಕರೆದ, ನಿಂಗೆ ಕೇಳ್ಸಲಿಲ್ವಾ?" ಎಂದ ಅಣ್ಣ.

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಬೀಗರ ಕಡೆ ತಿರುಗಿದ್ದರು. "ನೋಡಿದ್ರಾ? ಗೇಟ್ ಹಾಕ್ಸಿದ್ದೆ. ಶಿಸ್ತು ಅಂದ್ರೆ ಇದು."

"ಹೌದೌದು ಅಧ್ಯಕ್ಷರೇ," ಎಂದ ಧರ್ಮೇಶ. ಅವನು ಬದುಕಿ ಬಂದದ್ದು ಈ ಮಾತು ಹೇಳಲಿಕ್ಕೆ. ಜೀಪ್ ದಾಟಿಸಿಕೊಂಡು, ನನ್ನ ಪಕ್ಕ ನಿಲ್ಲಿಸಿ, ದನಿ ಇಳಿಸಿ ಹೇಳಿದ: "ನನ್ನ ಹಿಂದೆ ವಾಸಪ್ಪನ ಜೀಪೂ ಹೊರಡ್ತಿತ್ತು. ಅವರಿಗೆ ನೀನೇ ಹೇಳು. ನನ್ನ ಹೆಸರು ತರಬೇಡ."

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಗೇಟು ಮತ್ತೆ ಬಿಗಿದು ಕಟ್ಟಿದೆ.

"ಸೆಟ್ಟಲ್ಲಿ ಎಂತದೂ ಬರ್ಲಿಲ್ಲ. ಕೀಲಿ ಕೊಡು," ಎಂದರು ಅಧ್ಯಕ್ಷರು, ಆಗಲೇ ಸ್ಟೀರಿಂಗಿನ ಹಿಂದೆ ಕೂತು.

ಸುಮಿತ್ರಮ್ಮ ಇಳಿದರು. ಅವರ ಹಿಂದೆ ಬೀಗರೂ ಇಳಿದರು. "ನಿಮ್ಮ ಗುಡ್ಡ ನೀವೇ ನೋಡಿ ಬನ್ನಿ ರಾಯರೇ," ಎಂದರು ಸುಮಿತ್ರಮ್ಮ ಅಧ್ಯಕ್ಷರಿಗೆ. "ಧರ್ಮೇಶ, ನಮ್ಮನ್ನ ಶೃಂಗೇರಿಗೆ ಬಿಡ್ತೀಯಾ?"

ಅವನು ಅಧ್ಯಕ್ಷರ ಮುಖ ನೋಡಿದ, ಬೀಗರ ಮುಖ ನೋಡಿದ, ಕೊನೆಗೆ ಪ್ರವಾಸಿಗರನ್ನು ಒತ್ತರಿಸಿ ಕೂರಿಸಿ ಬೀಗರಿಬ್ಬರನ್ನೂ ಹತ್ತಿಸಿಕೊಂಡು ಹೊರಟ. ಅಧ್ಯಕ್ಷರು ಕಿಟಕಿಯಿಂದ ಕೈ ಚಾಚಿ ಕೂತೇ ಇದ್ದರು. ನಾನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಗೇಟಿನ ಕಲ್ಲಿನ ಮೇಲೆ ಕೂತು, ವಾಸಪ್ಪನ ಇಪ್ಪತ್ತು ನಿಮಿಷ ಎಣಿಸತೊಡಗಿದೆ.